ಹವಾಮಾನ ಬದಲಾವಣೆಯ ಪೆಟ್ಟು ಅಳೆಯುವುದು, ಹೊಂದಾಣಿಕೆಗೆ ಯೋಜನೆ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಸರಬರಾಜು, ಚರಂಡಿ, ಆಸ್ಪತ್ರೆ, ವಿದ್ಯುತ್ ಜಾಲ, ನೀರಾವರಿ ಇಂಥ ಯಾವುದಾದರೂ ವ್ಯವಸ್ಥೆಯ ಹೊಣೆ ಹೊತ್ತವರು ಹವಾಮಾನ ಬದಲಾವಣೆಗೆ ಯೋಜನೆ ಮಾಡಲು ಕೂತಾಗ ಏಳುವ ಪ್ರಶ್ನೆಗಳಿವು. ಇಂಗಾಲದ ಹೊರಸೂಸುವಿಕೆ ತಗ್ಗಿಸುವುದು ಬೇರೆಯೇ ವಿಷಯ. ಇಲ್ಲಿರುವುದು ಆಗಿರುವ ಮತ್ತು ಆಗಲಿರುವ ಬದಲಾವಣೆಯನ್ನು ಎದುರಿಸುವ ಬಗೆ, ಅಂದರೆ ಹೊಂದಾಣಿಕೆ, ಮಾತ್ರ.

ಕೆಲಸ ಎಲ್ಲಿಂದ ಶುರು ಮಾಡಬೇಕು? ಮೊದಲು ಹವಾಮಾನ ಮಾದರಿಗಳ (ಮುಂದಿನ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ) ದತ್ತಾಂಶ ತರಿಸಿಕೊಳ್ಳಬೇಕೇ?

ಬೇಡ. ಬಹಳ ಮಂದಿ ದಾರಿ ತಪ್ಪುವುದು ಇಲ್ಲೇ. ಮಾದರಿಗಳಿಂದ ಶುರು ಮಾಡಿದರೆ ಬಣ್ಣಬಣ್ಣದ ನಕ್ಷೆಗಳಿರುವ ದಪ್ಪ ವರದಿ ಸಿದ್ಧವಾಗುತ್ತದೆ. ಅದನ್ನು ಪೂರ್ತಿ ಓದಿದ ಮೇಲೂ ಎಂಜಿನಿಯರ್‌ಗೆ ಮುಂದಿನ ತಿಂಗಳು ಹೂಳಬೇಕಾದ ಕೊಳವೆಯ ಅಳತೆ ಗೊತ್ತಾಗುವುದಿಲ್ಲ.

ಮೊದಲು ಮೂರು ಸಂಗತಿ ಬರೆದುಕೊಳ್ಳಿ. ತೀರ್ಮಾನ ಆಗಬೇಕಿರುವುದು ಯಾವುದರ ಬಗ್ಗೆ? ಅದು ಎಷ್ಟು ವರ್ಷ ಬಾಳಬೇಕು? ಬಿಸಿಲು, ಮಳೆ, ನೀರಿನ ಮಟ್ಟ ಎಷ್ಟಾದರೆ ಅದು ಕೈಕೊಡುತ್ತದೆ? ಬಿತ್ತನೆಗೆ ತಳಿ ಆರಿಸುವುದು ಒಂದು ಹಂಗಾಮಿನ ತೀರ್ಮಾನ. ಅದಕ್ಕೆ ಋತುಮಾನದ ಮುನ್ಸೂಚನೆ ಸಾಕು, 2100ರ ಲೆಕ್ಕ ಬೇಕಿಲ್ಲ. ಸೇತುವೆಯ ತಳಪಾಯ ಹಾಗಲ್ಲ, ಅದನ್ನು ಮೊಮ್ಮಕ್ಕಳ ಕಾಲಕ್ಕೂ ಲೆಕ್ಕ ಹಾಕಿಯೇ ಕಟ್ಟಬೇಕು.

ಗಂಡಾಂತರ, ಒಡ್ಡಿಕೆ, ದುರ್ಬಲತೆ, ಅಪಾಯ: ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಪ್ರವಾಹ ಎಂಬುದು ಗಂಡಾಂತರ. ಅದು ಹರಿಯುವ ಜಾಗದಲ್ಲಿ ಮನೆ, ರಸ್ತೆ, ಜನ ಇದ್ದರೆ ಅದು ಒಡ್ಡಿಕೆ. ಆ ಮನೆ ಮಣ್ಣಿನ ಗೋಡೆಯದೋ ಕಾಂಕ್ರೀಟಿನದೋ, ಒಳಗಿರುವವರು ನಡೆಯಬಲ್ಲವರೋ ಹಾಸಿಗೆ ಹಿಡಿದವರೋ, ಕಳೆದುಕೊಂಡದ್ದನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿ ಇದೆಯೋ ಎಂಬುದು ದುರ್ಬಲತೆ. ಮೂರೂ ಕೂಡಿದಾಗ ಮಾತ್ರ ಅಪಾಯ. ಯಾರೂ ಇಲ್ಲದ ಮರಳುಗಾಡಿನಲ್ಲಿ 50 ಡಿಗ್ರಿ ಬಿಸಿಲಿದ್ದರೆ ಅದು ಗಂಡಾಂತರ ಹೌದು, ಅಪಾಯವಲ್ಲ.

ಇಲ್ಲೊಂದು ಗೊಂದಲವಿದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ 2007ರ ನಾಲ್ಕನೇ ವರದಿಯಲ್ಲಿ ಒಡ್ಡಿಕೆಯನ್ನು ದುರ್ಬಲತೆಯ ಒಳಗೇ ಸೇರಿಸಿದ್ದರು. 2014ರ ಐದನೇ ವರದಿಯಿಂದ ಅದನ್ನು ಹೊರತೆಗೆದು ಬೇರೆಯಾಗಿ ನಿಲ್ಲಿಸಿದರು. ಹಳೆಯ ಮಾರ್ಗಸೂಚಿಯ ಕೋಷ್ಟಕವನ್ನೂ ಹೊಸದರ ಸೂತ್ರವನ್ನೂ ಬೆರೆಸಿದರೆ ಒಡ್ಡಿಕೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೊನೆವರೆಗೂ ಅದರಲ್ಲೇ ಹೋಗಿ.

ಹಿಂದಿನ ಎಷ್ಟು ವರ್ಷಗಳ ದಾಖಲೆ ಬೇಕು?

ಕನಿಷ್ಠ 30 ವರ್ಷ. ವಿಶ್ವ ಹವಾಮಾನ ಸಂಸ್ಥೆ ಈಗ ವಾಡಿಕೆ ಎಂದು ಹಿಡಿಯುವುದು 1991ರಿಂದ 2020ರ ಸರಾಸರಿಯನ್ನು. ಆದರೆ ಎಷ್ಟು ವರ್ಷ ಎಂಬುದಕ್ಕಿಂತ ದಾಖಲೆ ಎಷ್ಟು ಶುದ್ಧ ಎಂಬುದೇ ಮುಖ್ಯ. ಮಳೆಮಾಪಕವನ್ನು ನಡುವೆ ಎಲ್ಲಿಗಾದರೂ ಸ್ಥಳಾಂತರಿಸಿದ್ದರೇ? ಪಕ್ಕದಲ್ಲಿ ಕಟ್ಟಡ ಎದ್ದಿತೇ? ಓದಿ ಬರೆಯುವವರು ರಜೆಯಲ್ಲಿದ್ದ ದಿನ ಖಾಲಿ ಬಿಟ್ಟರೋ, ಸೊನ್ನೆ ಬರೆದರೋ? ಖಾಲಿ ದಿನಗಳು ಸೊನ್ನೆಯಾಗಿ ಕೂತಿದ್ದರೆ ಬರಗಾಲವೇ ಇಲ್ಲದ ವರ್ಷವೂ ಬರಗಾಲದ ವರ್ಷವಾಗಿ ಕಾಣುತ್ತದೆ. ಚರಂಡಿಯ ಲೆಕ್ಕಕ್ಕೆ ದಿನದ ಮಳೆ ಸಾಲದು, 15 ನಿಮಿಷದ ಅಥವಾ ಗಂಟೆಯ ಮಳೆ ಬೇಕು. ದಿನಕ್ಕೆ 80 ಮಿಲಿಮೀಟರ್ ಮಳೆ ಇಡೀ ದಿನ ಜಿಟಿಜಿಟಿ ಸುರಿದರೆ ಏನೂ ಆಗುವುದಿಲ್ಲ. ಅದೇ ಮಳೆ ಒಂದೂವರೆ ಗಂಟೆಯಲ್ಲಿ ಬಿದ್ದರೆ ರಸ್ತೆಯೇ ಹೊಳೆ.

‘ಎಷ್ಟಾದರೆ ಕೈಕೊಡುತ್ತದೆ’ ಎಂಬ ಮಿತಿಯನ್ನು ಪತ್ತೆಮಾಡುವುದು ಹೇಗೆ?

ಇಡೀ ಕೆಲಸದ ಜೀವಾಳ ಇದೇ. ಮಿತಿಗಳು ಸಾಮಾನ್ಯವಾಗಿ ಮೂರು ಕಡೆ ಸಿಗುತ್ತವೆ: ವಿನ್ಯಾಸದ ಮಾನದಂಡದಲ್ಲಿ, ಜೀವಶಾಸ್ತ್ರದಲ್ಲಿ, ಕೆಲಸಗಾರರ ದಿನಚರಿ ಪುಸ್ತಕದಲ್ಲಿ.

ವಿದ್ಯುತ್ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರ ಸಾಮರ್ಥ್ಯ ಹೇಳುವಾಗ ಸುತ್ತಲಿನ ಗಾಳಿ ಎಂದೂ 40 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ, ಅತಿ ಬಿಸಿ ತಿಂಗಳ ಸರಾಸರಿ 30 ಡಿಗ್ರಿ ದಾಟುವುದಿಲ್ಲ, ವರ್ಷದ ಸರಾಸರಿ 20 ಡಿಗ್ರಿ ಮೀರುವುದಿಲ್ಲ ಎಂದು ಇಟ್ಟುಕೊಂಡಿರುತ್ತಾರೆ. ಒಳಗಿನ ಸುರುಳಿಯ ಅತಿ ಬಿಸಿ ಜಾಗ 98 ಡಿಗ್ರಿಯಲ್ಲಿದ್ದಾಗ ಕಾಗದದ ನಿರೋಧಕ ಸವೆಯುವ ವೇಗವನ್ನು ಒಂದು ಎಂದಿಟ್ಟರೆ, ಅಲ್ಲಿಂದ ಮೇಲಕ್ಕೆ ಪ್ರತಿ 6 ಡಿಗ್ರಿಗೂ ಆ ವೇಗ ದುಪ್ಪಟ್ಟು. ಬಿಸಿಗಾಳಿಯ ದಿನ ಎಲ್ಲರೂ ಏಸಿ ಹಾಕಿ ಹೊರೆಯನ್ನೂ ಏರಿಸುತ್ತಾರೆ. ಅಂದರೆ ತಂಪಾಗುವ ಶಕ್ತಿ ಕುಂದಿದ ದಿನವೇ ಅದು ಹೆಚ್ಚು ದುಡಿಯಬೇಕು. ಈ ಮಿತಿ ಗೊತ್ತಾದ ಮೇಲೆ ಮಾದರಿಗಳನ್ನು ಕೇಳಬೇಕಾದ ಪ್ರಶ್ನೆ ತಾನಾಗಿ ಮೊನಚಾಗುತ್ತದೆ: 40 ದಾಟುವ ದಿನಗಳು ವರ್ಷಕ್ಕೆ ಎಷ್ಟು, ರಾತ್ರಿಯೂ ತಂಪಾಗದ ದಿನಗಳು ಎಷ್ಟು?

ಭತ್ತ ಹೂವಿನಲ್ಲಿರುವಾಗ ತಾಪ 35 ಡಿಗ್ರಿ ದಾಟಿದರೆ ಜೊಳ್ಳು ಹೆಚ್ಚುತ್ತದೆ. ಹಂಗಾಮಿನ ಸರಾಸರಿ ತಾಪ ಏನನ್ನೂ ಹೇಳುವುದಿಲ್ಲ, ಹೂಬಿಡುವ ಆ ಕೆಲವು ದಿನಗಳದ್ದೇ ಲೆಕ್ಕ. ಮನುಷ್ಯನ ದೇಹಕ್ಕೆ ತೇವ ಬಲ್ಬಿನ (ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವ, ಬಿಸಿಯನ್ನೂ ಗಾಳಿಯ ತೇವವನ್ನೂ ಸೇರಿಸಿ ಹೇಳುವ ತಾಪ) 35 ಡಿಗ್ರಿ ಸೈದ್ಧಾಂತಿಕ ಗಡಿ. ಪ್ರಯೋಗಾಲಯದಲ್ಲಿ ಆರೋಗ್ಯವಂತ ಯುವಜನರ ದೇಹವೇ 31ರ ಆಸುಪಾಸಿನಲ್ಲಿ ಶಾಖ ಹೊರಹಾಕಲಾರದೆ ಸೋತಿದೆ. ವಯಸ್ಸಾದವರಿಗೆ, ಬಿಸಿಲಲ್ಲಿ ದುಡಿಯುವವರಿಗೆ ಅದಕ್ಕಿಂತ ಕೆಳಗೇ ಗಡಿ ಇಡಬೇಕು.

ದಿನಚರಿ ಪುಸ್ತಕವನ್ನು ಮರೆಯಬೇಡಿ. ಪಂಪ್‌ಹೌಸಿನ ನಿರ್ವಾಹಕರಿಗೆ ಯಾವ ಮಟ್ಟಕ್ಕೆ ನೀರು ಬಂದರೆ ಮೋಟಾರು ನಿಲ್ಲಿಸಬೇಕು ಎಂಬುದು ಯಾವ ನಕ್ಷೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಯಾವ ಸನ್ನಿವೇಶ (ಹೊರಸೂಸುವಿಕೆ ಮುಂದೆ ಹೇಗೆ ಸಾಗೀತು ಎಂಬ ಊಹೆ) ಆರಿಸಬೇಕು? ಎಸ್‌ಎಸ್‌ಪಿ ಎಂದು ಬರುವ ಅಂಕಿಗಳ ಅರ್ಥವೇನು?

ಎಸ್‌ಎಸ್‌ಪಿ2-4.5 ಎಂದರೆ ಸಮಾಜ ಸಾಗುವ ದಾರಿಗಳಲ್ಲಿ ಎರಡನೆಯದು, 4.5 ಎಂಬುದು 2100ರ ಹೊತ್ತಿಗೆ ಭೂಮಿಯ ಮೇಲೆ ಬೀಳುವ ಹೆಚ್ಚುವರಿ ಶಾಖದ ಒತ್ತಡ, ಪ್ರತಿ ಚದರ ಮೀಟರಿಗೆ ವ್ಯಾಟ್‌ಗಳಲ್ಲಿ. ಆ 4.5 ಡಿಗ್ರಿಯಲ್ಲ. ಈ ತಪ್ಪು ಎಷ್ಟೋ ಸಭೆಗಳಲ್ಲಿ ಕಿವಿಗೆ ಬೀಳುತ್ತದೆ.

ನಿಮ್ಮ ತೀರ್ಮಾನದ ಆಯುಷ್ಯ 2045ರ ಒಳಗೆ ಮುಗಿಯುವುದಾದರೆ ಸನ್ನಿವೇಶದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅಲ್ಲಿವರೆಗೆ ಸನ್ನಿವೇಶಗಳ ನಡುವಿನ ಅಂತರ ಚಿಕ್ಕದು, ವರ್ಷದಿಂದ ವರ್ಷಕ್ಕೆ ಆಗುವ ಸಹಜ ಏರಿಳಿತವೇ ದೊಡ್ಡದು. ಅದರಾಚೆಯ ಕೆಲಸಗಳಿಗೆ ಕನಿಷ್ಠ ಎರಡು ಹಿಡಿಯಿರಿ: ನಡುವಿನದಾಗಿ 2-4.5, ಕಠಿಣವಾದದ್ದಾಗಿ 3-7.0. 5-8.5 ಈಗ ಆಗುವ ಸಾಧ್ಯತೆ ಕಡಿಮೆ ಎಂದು ಪರಿಗಣಿತವಾಗಿದೆ. ಅಣೆಕಟ್ಟು, ಕರಾವಳಿಯ ಆಸ್ಪತ್ರೆಗಳಂಥ ಸೋಲಬಾರದ ಕಟ್ಟಡಗಳನ್ನು ಅದರೆದುರು ಒಮ್ಮೆ ಪರೀಕ್ಷಿಸಿ ನೋಡಿ. ಅದೊಂದನ್ನೇ ಹಿಡಿದು ‘ಹೀಗೇ ಆಗುತ್ತದೆ’ ಎಂದು ಬರೆಯುವುದು ತಪ್ಪು.

ಎಷ್ಟು ಮಾದರಿಗಳು ಬೇಕು? ಒಂದು ಒಳ್ಳೆಯದು ಸಾಲದೇ?

ಸಾಲದು. ತಾಪ ಏರುತ್ತದೆ ಎಂಬುದರಲ್ಲಿ ಎಲ್ಲ ಮಾದರಿಗಳೂ ಒಮ್ಮತ. ಮಳೆಯ ವಿಷಯದಲ್ಲಿ ಎಷ್ಟೋ ಪ್ರದೇಶಗಳಿಗೆ ಒಂದು ಮಾದರಿ ಹೆಚ್ಚು ಎಂದರೆ ಇನ್ನೊಂದು ಕಡಿಮೆ ಎನ್ನುತ್ತದೆ. ಎಂಟು ಹತ್ತು ಮಾದರಿಗಳನ್ನಾದರೂ ಇಟ್ಟುಕೊಂಡು ಸರಾಸರಿಯ ಬದಲು ಅವುಗಳ ಹರವನ್ನು ನೋಡಿ. ಶೇ 20 ಹೆಚ್ಚು, ಶೇ 20 ಕಡಿಮೆ ಎನ್ನುವ ಎರಡು ಮಾದರಿಗಳ ಸರಾಸರಿ ‘ಬದಲಾವಣೆ ಇಲ್ಲ’ ಎಂದು ಬರುತ್ತದೆ. ಎರಡೂ ಹೇಳದ ಮಾತು ಅದು.

ಜಾಗತಿಕ ಮಾದರಿಯ ಒಂದು ಚೌಕ ಸಾಮಾನ್ಯವಾಗಿ 100ರಿಂದ 250 ಕಿಲೋಮೀಟರ್ ಅಗಲ. ಬೆಟ್ಟದ ಈ ಮಗ್ಗುಲಿನ ಮಳೆನಾಡು, ಆ ಮಗ್ಗುಲಿನ ಮಳೆನೆರಳು ಎರಡೂ ಒಂದೇ ಚೌಕದಲ್ಲಿ ಬಿದ್ದು ಕಲಸಿಹೋಗುತ್ತವೆ. ಕಾರ್ಡೆಕ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆಯಂಥವುಗಳ ಪ್ರಾದೇಶಿಕ ಮಾದರಿಗಳು 12ರಿಂದ 50 ಕಿಲೋಮೀಟರ್‌ವರೆಗೆ ಇಳಿಯುತ್ತವೆ. ಚೌಕ ಚಿಕ್ಕದಾದ ಮಾತ್ರಕ್ಕೆ ನಿಖರವಾಯಿತು ಎಂದಲ್ಲ. ಜಾಗತಿಕ ಮಾದರಿಯ ತಪ್ಪು ಇದಕ್ಕೂ ಬಳುವಳಿಯಾಗಿ ಬಂದಿರುತ್ತದೆ. ಹೊಸ ತಲೆಮಾರಿನ ಕೆಲವು ಮಾದರಿಗಳು ಅತಿಯಾಗಿ ಬಿಸಿಯಾಗುತ್ತವೆ ಎಂಬುದೂ ನೆನಪಿರಲಿ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ 2.5ರಿಂದ 4 ಡಿಗ್ರಿ ಬಿಸಿಯಾದೀತು ಎಂಬುದು ಐಪಿಸಿಸಿಯ ಅಂದಾಜು. ಅದಕ್ಕಿಂತ ಮೇಲಿರುವ ಮಾದರಿಗಳ ತೂಕ ಇಳಿಸಿ.

ಮಾದರಿ ದತ್ತಾಂಶ ಬಳಸುವಾಗ ಸಾಮಾನ್ಯವಾಗಿ ಆಗುವ ಎಡವಟ್ಟುಗಳು ಯಾವುವು?

ಮೊದಲನೆಯದು ಆಧಾರ ವರ್ಷದ ತಪ್ಪು. ‘ಜಗತ್ತು 2 ಡಿಗ್ರಿ ಬಿಸಿಯಾದರೆ’ ಎನ್ನುವಾಗ ಹೋಲಿಕೆ 1850–1900ರ ಜೊತೆ. ಇವತ್ತಿನ ತಾಪಕ್ಕೆ 2 ಡಿಗ್ರಿ ಕೂಡಿಸಿಬಿಟ್ಟರೆ ಈಗಾಗಲೇ ಆಗಿರುವ ಬಿಸಿಯನ್ನು ಎರಡು ಸಲ ಎಣಿಸಿದಂತೆ. 1995–2014ರ ಹೊತ್ತಿಗೇ 0.85 ಡಿಗ್ರಿ ಏರಿಯಾಗಿತ್ತು. ಇದರ ತಮ್ಮನಂಥ ಇನ್ನೊಂದು ತಪ್ಪಿದೆ: ಜಾಗತಿಕ ಸರಾಸರಿಯನ್ನೇ ನೆಲದ ತಾಪ ಎಂದುಕೊಳ್ಳುವುದು. 2011–2020ರ ಹೊತ್ತಿಗೆ ನೆಲ ಸುಮಾರು 1.6 ಡಿಗ್ರಿ ಬಿಸಿಯಾಗಿದ್ದರೆ ಸಾಗರ 0.9 ಡಿಗ್ರಿಯಷ್ಟೇ.

ಮಳೆಯಲ್ಲಿ ಶೇಕಡಾವಾರು ಲೆಕ್ಕ ಮೋಸ ಮಾಡುತ್ತದೆ. ಒಣ ತಿಂಗಳಲ್ಲಿ 2 ಮಿಲಿಮೀಟರ್ ಹೋಗಿ 4 ಆದರೆ ನಕ್ಷೆಯಲ್ಲಿ ಶೇ 100 ಹೆಚ್ಚಳ ಎಂದು ಕಡುನೀಲಿ ಬಣ್ಣ ಬರುತ್ತದೆ. ಬಾವಿಗೆ ಒಂದು ಹನಿಯೂ ಸೇರಿರುವುದಿಲ್ಲ. ಮಾದರಿಗಳಿಗೆ ದಿನಾ ತುಂತುರು ಸುರಿಸುವ ಚಾಳಿಯೂ ಇದೆ. ಅದನ್ನು ತಿದ್ದದೆ ಮಳೆಯಿಲ್ಲದ ದಿನಗಳ ಸಾಲನ್ನು ಎಣಿಸಬಾರದು. ಇನ್ನು ‘2050ರಲ್ಲಿ’ ಎಂದು ಒಂದೇ ವರ್ಷವನ್ನು ಕಿತ್ತು ನೋಡುವುದಂತೂ ಕೂಡದು. 2041–2060ರಂಥ 20 ವರ್ಷದ ಗುಚ್ಛವನ್ನೇ ನೋಡಬೇಕು.

ಕರಾವಳಿಯಲ್ಲಿ ಎತ್ತರದ ನಕ್ಷೆಯೇ ಕೈಕೊಡುತ್ತದೆ. 2000ರಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ತೆಗೆದ ಎಸ್‌ಆರ್‌ಟಿಎಂ ನಕ್ಷೆ ಮರದ ತುದಿ, ಮನೆಯ ಚಾವಣಿಯನ್ನೂ ನೆಲ ಎಂದೇ ಓದುವುದುಂಟು, ತಪ್ಪು ಮೀಟರ್‌ಗಟ್ಟಲೆ. ಅಂಥ ನಕ್ಷೆಯ ಮೇಲೆ ಅರ್ಧ ಮೀಟರ್ ಕಡಲೇರಿಕೆಯ ಗೆರೆ ಎಳೆದರೆ ಮುಳುಗುವ ಊರು ಒಣಗಿರುವಂತೆ ಕಾಣುತ್ತದೆ. ಭೂಮಿಯೇ ಕುಸಿಯುತ್ತಿರುವ ಕಡೆ, ಅದರಲ್ಲೂ ಅಂತರ್ಜಲ ಹೀರುವ ನದೀಮುಖಜ ಭೂಮಿಯಲ್ಲಿ, ಆ ಕುಸಿತವನ್ನೂ ಕಡಲೇರಿಕೆಗೆ ಕೂಡಿಸಬೇಕು.

‘100 ವರ್ಷಕ್ಕೊಮ್ಮೆ ಬರುವ ಮಳೆ’ ಎಂದರೆ ಇನ್ನು 100 ವರ್ಷ ನಿಶ್ಚಿಂತೆಯೇ?

ಯಾವ ವರ್ಷವಾದರೂ ಬರುವ ಸಾಧ್ಯತೆ ಶೇ 1 ಎಂದರ್ಥ, ಅಷ್ಟೆ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26. ಹವಾಮಾನ ಬದಲಾಗಿ ಅದೇ ಮಳೆ 50 ವರ್ಷಕ್ಕೊಮ್ಮೆ ಬರುವಂತಾದರೆ ಅದು ಶೇ 45ಕ್ಕೆ ಏರುತ್ತದೆ. ಬಿಸಿಯ ವಿಷಯದಲ್ಲಿ ಏರಿಕೆ ಇನ್ನೂ ಕಡಿದು: ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಅತಿ ಬಿಸಿ ಈಗ 2.8 ಪಟ್ಟು ಹೆಚ್ಚು ಸಲ ಬರುತ್ತಿದೆ, 2 ಡಿಗ್ರಿ ಜಗತ್ತಿನಲ್ಲಿ 5.6 ಪಟ್ಟು ಎಂಬುದು ಐಪಿಸಿಸಿಯ ಆರನೇ ವರದಿಯ ಜಾಗತಿಕ ಅಂದಾಜು.

ಒಂದು ಲೆಕ್ಕವನ್ನು ಕಣ್ಣೆದುರೇ ಮಾಡಿ ತೋರಿಸುವಿರಾ?

ಮಳೆನೀರು ಚರಂಡಿಯದ್ದು ನೋಡೋಣ. ಸಣ್ಣ ಜಲಾನಯನಕ್ಕೆ ಸೂತ್ರ ಸರಳ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಮಿಲಿಮೀಟರ್‌ನಲ್ಲಿ ಮಳೆಯ ತೀವ್ರತೆ, ಹೆಕ್ಟೇರ್‌ನಲ್ಲಿ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂಬುದು ಬರುತ್ತದೆ.

50 ಹೆಕ್ಟೇರ್, ಗುಣಾಂಕ 0.6, ತೀವ್ರತೆ 60 ಇದ್ದರೆ ಹರಿವು 5 ಘನ ಮೀಟರ್. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7 ಹೆಚ್ಚು ತೇವ ಹಿಡಿಯುತ್ತದೆ. 3 ಡಿಗ್ರಿಗೆ ಮಳೆಯ ತೀವ್ರತೆ ಶೇ 20 ಏರಿತು ಎಂದಿಟ್ಟುಕೊಂಡರೆ 60 ಹೋಗಿ 72, ಹರಿವು 6 ಘನ ಮೀಟರ್. ಈಗ ಅದೇ ಜಾಗದಲ್ಲಿ ತೋಟ, ಬಯಲು ಹೋಗಿ ಕಾಂಕ್ರೀಟು ಬಂತು, ಗುಣಾಂಕ 0.8 ಆಯಿತು ಅನ್ನಿ. ಹವಾಮಾನ ಬದಲಾಗದಿದ್ದರೂ ಹರಿವು 6.7, ಎರಡೂ ಸೇರಿದರೆ 8. ಅಂದರೆ ಇಲ್ಲಿ ಮುಗಿಲಿಗಿಂತ ನೆಲದ ಮೇಲೆ ಆದದ್ದೇ ಹೆಚ್ಚು ನೀರು ತಂದಿದೆ. ಹವಾಮಾನವನ್ನಷ್ಟೇ ಲೆಕ್ಕಕ್ಕೆ ಹಿಡಿದ ಅಧ್ಯಯನ ಅರ್ಧಕ್ಕೂ ಹೆಚ್ಚು ಸಮಸ್ಯೆಯನ್ನು ಕಾಣುವುದೇ ಇಲ್ಲ.

5ರಿಂದ 8ಕ್ಕೆ ಎಂದರೆ ಶೇ 60 ಹೆಚ್ಚು ನೀರು. ಕೊಳವೆಯೂ ಶೇ 60 ದೊಡ್ಡದಾಗಬೇಕಿಲ್ಲ. ಇಳಿಜಾರು ಅದೇ ಇದ್ದರೆ ತುಂಬಿ ಹರಿಯುವ ಕೊಳವೆಯ ಸಾಮರ್ಥ್ಯ ವ್ಯಾಸದ 8/3 ಘಾತದಲ್ಲಿ ಏರುತ್ತದೆ, ಹಾಗಾಗಿ ವ್ಯಾಸ ಶೇ 20ರಷ್ಟು ಹಿಗ್ಗಿದರೆ ಸಾಕು. ಹೊಸದಾಗಿ ಹೂಳುವಾಗ ಇದು ಸಣ್ಣ ಹೆಚ್ಚುವರಿ ಖರ್ಚು. ಹೂತ ಮೇಲೆ ರಸ್ತೆ ಅಗೆದು ಬದಲಿಸುವುದು ಭಾರೀ ಖರ್ಚು. ಹೊಂದಾಣಿಕೆಗೆಂದೇ ಬೇರೆ ಯೋಜನೆ ಮಾಡುವ ಮುನ್ನ ಹೇಗೂ ಆಗಲಿರುವ ಕಾಮಗಾರಿಗಳ ಪಟ್ಟಿ ತರಿಸಿಕೊಳ್ಳಿ ಎನ್ನುವುದು ಇದಕ್ಕೇ.

ಸಂಭವಕ್ಕೂ ಪೆಟ್ಟಿಗೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸಿ ಅಪಾಯದ ಪಟ್ಟಿ ಮಾಡಬಹುದೇ?

ಮೊದಲ ಜರಡಿಯಾಗಿ ಮಾಡಬಹುದು. ಆದರೆ ಸಂಭವ 1, ಪೆಟ್ಟು 5 ಇರುವ ಅಣೆಕಟ್ಟು ಒಡೆತಕ್ಕೂ, ಸಂಭವ 5, ಪೆಟ್ಟು 1 ಇರುವ ರಸ್ತೆಗುಂಡಿಗೂ ಗುಣಲಬ್ಧ 5ಯೇ. ಹಾಗೆಯೇ ಹದಿನೈದು ಸೂಚ್ಯಂಕಗಳನ್ನು ಸರಾಸರಿ ಮಾಡಿ ಒಂದೇ ‘ದುರ್ಬಲತೆ ಅಂಕ’ ಮಾಡಿದರೆ, ಕುಡಿಯುವ ನೀರೇ ಇಲ್ಲದ ಬಡಾವಣೆಯ ಕೊರತೆಯನ್ನು ಅಲ್ಲಿನ ಒಳ್ಳೆಯ ರಸ್ತೆ ಮುಚ್ಚಿಹಾಕುತ್ತದೆ. ಅಂಕದ ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ತೂಕಗಳನ್ನು ಸ್ವಲ್ಪ ಬದಲಿಸಿ ನೋಡಿ. ಮೇಲಿನ ಐದು ಹೆಸರುಗಳು ಅದಕ್ಕೇ ಅದಲುಬದಲಾದರೆ ಆ ಪಟ್ಟಿಯನ್ನು ನಂಬಬೇಡಿ.

ಒಂದರಿಂದ ಇನ್ನೊಂದಕ್ಕೆ ಹಬ್ಬುವ ಹಾನಿಯನ್ನು ಹೇಗೆ ಹಿಡಿಯುವುದು?

ವಿದ್ಯುತ್ ಉಪಕೇಂದ್ರಕ್ಕೆ ನೀರು ನುಗ್ಗಿದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಆಸ್ಪತ್ರೆಗೆ ನೀರಿಲ್ಲ. ಆಸ್ಪತ್ರೆಯ ಜನರೇಟರ್ ನೆಲಮಾಳಿಗೆಯಲ್ಲಿದ್ದರೆ ಅದೂ ಮುಳುಗಿರುತ್ತದೆ. ಪ್ರತಿ ಇಲಾಖೆಯೂ ತನ್ನದನ್ನಷ್ಟೇ ಅಳೆದಾಗ ಈ ಕೊಂಡಿ ಯಾರ ವರದಿಯಲ್ಲೂ ಬರುವುದಿಲ್ಲ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಅರ್ಧ ದಿನ ಕೂರಿಸಿ, ದೊಡ್ಡ ಹಾಳೆಯ ಮೇಲೆ ‘ಇದು ನಿಂತರೆ ಯಾವುದು ನಿಲ್ಲುತ್ತದೆ, ಎಷ್ಟು ಗಂಟೆಯಲ್ಲಿ’ ಎಂದು ಬಾಣ ಎಳೆಸಿ. ಗಂಟೆ ಬರೆಸುವುದು ಮುಖ್ಯ. ಡೀಸೆಲ್ 8 ಗಂಟೆಗಷ್ಟೇ ಇದೆ, ಟ್ಯಾಂಕರ್ ಬರುವ ರಸ್ತೆ 12 ಗಂಟೆ ಮುಚ್ಚಿರುತ್ತದೆ ಎಂಬಂಥ ಸಂಗತಿ ಹೊರಬೀಳುವುದು ಆಗಲೇ.

ಭವಿಷ್ಯವೇ ಗೊತ್ತಿಲ್ಲದಾಗ ದೊಡ್ಡ ಹಣ ಹೂಡುವುದು ಹೇಗೆ?

ಒಂದೇ ಸಲ ಎಲ್ಲವನ್ನೂ ತೀರ್ಮಾನಿಸಬೇಡಿ. ಈಗ ಮಾಡುವುದು, ಕಾದು ನೋಡುವುದು, ದಾರಿ ಮುಚ್ಚದಂತೆ ಉಳಿಸಿಕೊಳ್ಳುವುದು ಎಂದು ಮೂರಾಗಿ ವಿಂಗಡಿಸಿ. ಹವಾಮಾನ ಹೇಗೇ ಬದಲಾದರೂ ಲಾಭವೇ ಇರುವ ಕೆಲಸ ಈಗ: ಕೊಳವೆಯ ಸೋರಿಕೆ ನಿಲ್ಲಿಸುವುದು, ಚರಂಡಿಯ ಹೂಳೆತ್ತುವುದು, ಮುನ್ನೆಚ್ಚರಿಕೆ ವ್ಯವಸ್ಥೆ. ದೊಡ್ಡ ಗೋಡೆ, ಅಣೆಕಟ್ಟು ಕಾದು ನೋಡುವುದರಲ್ಲಿ. ಗೋಡೆ ಮುಂದೆ ಎತ್ತರಿಸಲು ಬೇಕಾಗುವ ಜಾಗದಲ್ಲಿ ಇವತ್ತು ಕಟ್ಟಡ ಏಳದಂತೆ ನೋಡಿಕೊಳ್ಳುವುದು ಮೂರನೆಯದು.

ಲಂಡನ್ನಿನ ಥೇಮ್ಸ್ ನದೀಮುಖದ 2100ರವರೆಗಿನ ಯೋಜನೆ ಇದಕ್ಕೆ ಚೆನ್ನಾದ ಮಾದರಿ. 2012ರಲ್ಲಿ ಪ್ರಕಟವಾದ ಆ ಯೋಜನೆ ಒಂದೇ ಉತ್ತರ ಕೊಡಲಿಲ್ಲ; ನೀರಿನ ಮಟ್ಟ ಇಷ್ಟಾದರೆ ಈ ದಾರಿ, ಅಷ್ಟಾದರೆ ಆ ದಾರಿ ಎಂದು ಕವಲುಗಳನ್ನು ಬರೆದಿಟ್ಟಿತು. 2023ರ ಪರಿಷ್ಕರಣೆಯಲ್ಲಿ ನದಿಗೆ ಅಡ್ಡವಾಗಿರುವ ಥೇಮ್ಸ್ ಬ್ಯಾರಿಯರ್ ಎಂಬ ಪ್ರವಾಹ ತಡೆಗೇಟಿಗಿಂತ ಮೇಲೆ, ನದಿ ಹರಿದುಬರುವ ಕಡೆಯ ದಂಡೆಗಳನ್ನು 2065ರ ಬದಲು 2050ರೊಳಗೇ ಎತ್ತರಿಸಬೇಕೆಂದು ಗಡುವನ್ನು ಹಿಂದಕ್ಕೆಳೆದರು. ಯೋಜನೆಯನ್ನು ಎಸೆದು ಹೊಸದು ಬರೆಯುವ ಪ್ರಮೇಯ ಬರಲಿಲ್ಲ.

ಕವಲಿನ ಗುರುತು ಇಡುವಾಗ ಕಾಮಗಾರಿಗೆ ಹಿಡಿಯುವ ಕಾಲವನ್ನು ಕಳೆಯಲು ಮರೆಯಬೇಡಿ. ಗೋಡೆ 2060ಕ್ಕೆ ಬೇಕು, ಭೂಸ್ವಾಧೀನ, ಅನುಮತಿ, ಕಟ್ಟುವುದಕ್ಕೆ 15 ವರ್ಷ ಎಂದಾದರೆ ಎಚ್ಚರದ ಗಂಟೆ 2045ಕ್ಕೆ ಹೊಡೆಯಬೇಕು.

ಲಾಭ ನಷ್ಟದ ಲೆಕ್ಕದಲ್ಲಿ ಹೊಂದಾಣಿಕೆ ಯಾವಾಗಲೂ ಸೋಲುತ್ತದಲ್ಲ, ಏಕೆ?

ಮುಂದೆಂದೋ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ, ಬಡ್ಡಿಯಂಥ ಕಡಿತ ದರದ ಮಹಿಮೆ. 50 ವರ್ಷದ ನಂತರ ತಪ್ಪುವ 100ರ ನಷ್ಟಕ್ಕೆ ಶೇ 3ರ ದರದಲ್ಲಿ ಇಂದಿನ ಬೆಲೆ ಸುಮಾರು 23. ಶೇ 7ರಲ್ಲಿ ಬರೀ 3.4. ದರ ಯಾರು ಆರಿಸಿದರು, ಏಕೆ ಎಂದು ಕೇಳಿ, ಎರಡು ಮೂರು ದರಗಳಲ್ಲಿ ಲೆಕ್ಕ ತೋರಿಸಿ. ನಷ್ಟವನ್ನು ಆಸ್ತಿಯ ಬೆಲೆಯಲ್ಲೇ ಅಳೆದರೆ ಹಣ ಸಿರಿವಂತರ ಬಡಾವಣೆಯ ಕಡೆಗೇ ವಾಲುತ್ತದೆ. ಎಷ್ಟು ಜನರಿಗೆ ಎಷ್ಟು ದಿನ ನೀರು, ದುಡಿಮೆ ತಪ್ಪಿತು ಎಂಬುದನ್ನೂ ಪಕ್ಕದಲ್ಲಿಡಿ.

ಹೊಂದಾಣಿಕೆಯೇ ತಿರುಗುಬಾಣವಾಗುವುದುಂಟೇ?

ಉಂಟು. ದಂಡೆ ಕಟ್ಟಿದ ಮೇಲೆ ‘ಇನ್ನು ಭಯವಿಲ್ಲ’ ಎಂದು ಅದರ ಹಿಂದೆ ಮನೆಗಳು ಏಳುತ್ತವೆ. ದಂಡೆ ಒಡೆದ ದಿನ ಹಾನಿ ಮೊದಲಿಗಿಂತ ದೊಡ್ಡದು. ಹನಿ ನೀರಾವರಿಗೆ ಸಹಾಯಧನ ಕೊಟ್ಟು ನೀರು ಎತ್ತುವುದಕ್ಕೆ ಮಿತಿ ಹಾಕದಿದ್ದರೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಬೆಳೆ ಏಳುತ್ತದೆ, ಅಂತರ್ಜಲ ಮೊದಲಿನಂತೆಯೇ ಇಳಿಯುತ್ತದೆ. ಪ್ರತಿ ಕ್ರಮಕ್ಕೂ ಎರಡು ಪ್ರಶ್ನೆ ಹಾಕಿ: ಇದರಿಂದ ನೀರು, ಬಿಸಿ, ಖರ್ಚು ಯಾರ ಅಂಗಳಕ್ಕೆ ಹೋಗುತ್ತದೆ? ಬೇಡವೆನಿಸಿದರೆ ವಾಪಸು ತೆಗೆಯಲು ಬರುತ್ತದೆಯೇ?

ಹೊಂದಾಣಿಕೆಗೂ ಗಡಿ ಇದೆಯೇ?

ಇದೆ. ಜಗತ್ತು 1.5 ಡಿಗ್ರಿ ಬಿಸಿಯಾದಾಗ ಬೆಚ್ಚನೆಯ ಕಡಲಿನ ಹವಳದ ದಿಬ್ಬಗಳಲ್ಲಿ ಶೇ 70ರಿಂದ 90, 2 ಡಿಗ್ರಿಯಲ್ಲಿ ಶೇ 99ಕ್ಕೂ ಹೆಚ್ಚು ನಾಶವಾಗುತ್ತವೆ ಎಂಬುದು ಐಪಿಸಿಸಿಯ ಅಂದಾಜು. ಅಲ್ಲಿ ಯಾವ ಯೋಜನೆಯೂ ನಡೆಯದು. ಹಣ, ಅಧಿಕಾರ, ಮನಸ್ಸು ಇಲ್ಲದ್ದರಿಂದ ಬರುವ ಗಡಿ ಬೇರೆ, ಅದನ್ನು ಸರಿಸಬಹುದು. ಯಾವುದು ಯಾವ ಬಗೆಯದು ಎಂದು ವರದಿಯಲ್ಲಿ ಬಿಡಿಸಿ ಬರೆಯಿರಿ. ಜಾಗ ಖಾಲಿ ಮಾಡುವುದೇ ಉಳಿದ ದಾರಿಯಾಗಿದ್ದರೆ ಅದನ್ನು ಪ್ರವಾಹ ಬಂದ ಮರುದಿನ ಹೇಳಬೇಡಿ. ಅಲ್ಲಿನವರೊಂದಿಗೆ ವರ್ಷಗಟ್ಟಲೆ ಮುಂಚೆಯೇ ಮಾತು ಶುರುವಾಗಬೇಕು.

ಅನುಸರಿಸಲು ಸಿದ್ಧ ಮಾನದಂಡ ಇದೆಯೇ?

ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) 14090 ಹೊಂದಾಣಿಕೆಯ ಒಟ್ಟು ಚೌಕಟ್ಟು, 14091 ಅಪಾಯದ ಅಂದಾಜಿಗೆ, 14092 ಸ್ಥಳೀಯ ಸರ್ಕಾರಗಳಿಗೆ. ಏನನ್ನೂ ಮರೆಯದಿರಲು ಒಳ್ಳೆಯವು. ಮಿತಿಗಳನ್ನು ನಿಮ್ಮ ಪರವಾಗಿ ಹುಡುಕಿ ಕೊಡುವುದಿಲ್ಲ.

ಯೋಜನೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ, ಎಷ್ಟು ವರ್ಷಕ್ಕೊಮ್ಮೆ ತಿರುವಿ ಹಾಕಬೇಕು?

‘ಇಷ್ಟು ತರಬೇತಿ ಕೊಟ್ಟೆವು, ಇಷ್ಟು ಫಲಕ ಹಾಕಿದೆವು’ ಎನ್ನುವುದು ಖರ್ಚಿನ ಲೆಕ್ಕ. ನೋಡಬೇಕಾದದ್ದು 40 ಡಿಗ್ರಿ ದಾಟಿದ ದಿನ ಎಷ್ಟು ಟ್ರಾನ್ಸ್‌ಫಾರ್ಮರ್ ಸುಟ್ಟವು, 60 ಮಿಲಿಮೀಟರ್ ಮಳೆಗೆ ಯಾವ ರಸ್ತೆ ಎಷ್ಟು ಗಂಟೆ ಮುಳುಗಿತ್ತು ಎಂಬುದು. ಹೋಲಿಸುವಾಗ ಅಷ್ಟೇ ಜೋರಿನ ಘಟನೆಗಳನ್ನೇ ಹೋಲಿಸಿ. ಮಳೆಯೇ ಬಾರದ ವರ್ಷ ಪ್ರವಾಹ ಆಗದಿದ್ದರೆ ಅದು ಯೋಜನೆಯ ಗೆಲುವಲ್ಲ.

ಎಚ್ಚರದ ಗುರುತುಗಳನ್ನು ವರ್ಷಕ್ಕೊಮ್ಮೆ, ಇಡೀ ಅಂದಾಜನ್ನು 5 ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯ ರೂಢಿ. ದೊಡ್ಡ ಘಟನೆ ನಡೆದರೆ ಗಡುವಿಗೆ ಕಾಯಬೇಡಿ. ನೀರು ಇಳಿದ ಎರಡು ಮೂರು ದಿನದೊಳಗೆ ಗೋಡೆಗಳ ಮೇಲೆ ಉಳಿದ ಕೆಸರಿನ ಗೆರೆಯ ಎತ್ತರವನ್ನು ಅಳೆದು, ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದಿಡಿ. ಗೋಡೆಗೆ ಸುಣ್ಣ ಬಳಿದರೆ ಆ ಗೆರೆ ಮತ್ತೆ ಸಿಗುವುದಿಲ್ಲ.